ಹೊರಗಿನ ಊಟ: ಕೇಳುವವರೂ ಹೇಳುವವರೂ

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತ ಬಂದಿದ್ದೇವೆ. ಮನೆಯಲ್ಲಿ ಉಣ್ಣುವವನಿಗೆ ಇವೆರಡೂ ಬೇರೆ ಬೇರೆ ವಿದ್ಯೆಗಳು. ಪರಸ್ಥಳದಲ್ಲಿ, ಪರರು ಬೇಯಿಸಿದ ಅನ್ನಕ್ಕೆ ಕೂಡುವವನಿಗೆ ಮಾತ್ರ ಎರಡೂ ಒಂದೇ ಆಗುತ್ತವೆ. ಮಾತು ತಪ್ಪಿದರೆ ರೋಗವೂ ಬರುವದು. ಇದು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ಕಳೆದ ಶ್ರಾವಣದಲ್ಲಿ ಕಣ್ಣಾರೆ ಕಂಡದ್ದು.

ಮೈಸೂರು ಕಡೆಯ ಒಂದು ಕುಟುಂಬ ನೌಕರಿಯ ನಿಮಿತ್ತ ಪುಣೆಗೆ ಬಂದು ಎರಡು ತಿಂಗಳಾಗಿತ್ತು. ಅವರನ್ನು ಊರು ತೋರಿಸಲೆಂದು ಕರೆದುಕೊಂಡು ಹೋಗಿ, ಮಧ್ಯಾಹ್ನ ಒಂದು ಊಟದ ಮನೆಗೆ ಹೊಕ್ಕೆವು. ಅವರ ಎಂಟು ವರ್ಷದ ಮಗಳಿಗೆ ಕಡಲೆಕಾಯಿ, ಅಂದರೆ ನಮ್ಮ ಧಾರವಾಡದ ಕಡೆಯ ಶೇಂಗಾ, ಆಗದು. ಆಗದು ಎಂದರೆ ರುಚಿಸದು ಎಂದಲ್ಲ, ಅದು ಆ ಕೂಸಿನ ಮೈಗೆ ವಿಷ. ತಾಯಿ ಬಡಿಸುವ ಹುಡುಗನಿಗೆ ಹಿಂದಿಯಲ್ಲಿ, “ಇದರಲ್ಲಿ ಮೂಂಗಫಲಿ ಇದೆಯೆ?” ಎಂದು ಕೇಳಿದರು. ಅವನು ತಾಟನ್ನೊಮ್ಮೆ ನೋಡಿ “ಇಲ್ಲ” ಎಂದ. ತಾಯಿಗೆ ಆಗಲೂ ಅನುಮಾನ. ಸೌತೆಕಾಯಿಯ ಪದಾರ್ಥವನ್ನು ತೋರಿಸಿ, “ಇದೇನು?” ಎಂದು ನಮ್ಮನ್ನು ಕೇಳಿದರು. “ಅದು ಕೋಶಿಂಬೀರ, ನಮ್ಮ ಕೋಸಂಬರಿಯೇ ತಾಯಿ” ಎಂದವರು ನಾವೇ.

ನಮ್ಮ ಕೋಸಂಬರಿಗೆ ನೆನೆದ ಹೆಸರುಬೇಳೆ, ಕಾಯಿತುರಿ. ಇಲ್ಲಿಯ ಸೌತೆಕಾಯಿ ಕೋಶಿಂಬೀರಕ್ಕೆ ಹುರಿದ ಶೇಂಗಾದ ಪುಡಿ. ಮೂವತ್ತು ವರ್ಷ ಪುಣೆಯ ಅನ್ನ ಉಂಡ ನಮಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆ ಗಳಿಗೆಗೆ ನೆನಪಾಗಲಿಲ್ಲ. ಎರಡು ತುತ್ತಿಗೆ ಮಗುವಿನ ತುಟಿ ಬಾತಿತು, ಮೈಯೆಲ್ಲ ದದ್ದು ಎದ್ದವು, ಉಸಿರು ಕಟ್ಟತೊಡಗಿತು. ಆಸ್ಪತ್ರೆ ಹತ್ತಿರದಲ್ಲಿದ್ದದ್ದು ದೈವಕೃಪೆ. ವೈದ್ಯರು ತೊಡೆಗೆ ಅಡ್ರಿನಲಿನ್ ಸೂಜಿಮದ್ದು ಕೊಟ್ಟರು, ಕೂಸು ಉಳಿಯಿತು. ಅಂದಿನಿಂದ ನಮಗೆ ಈ ವಿಷಯ ಬಿಟ್ಟು ಬೇರೆ ಮಾತು ಬರದಾಗಿದೆ.

ಆ ಹುಡುಗ ಸುಳ್ಳು ಹೇಳಿದನೆ? ನಾವು ಬಹಳ ಯೋಚಿಸಿದೆವು. ಅವನ ಕಣ್ಣಿಗೆ ಶೇಂಗಾ ಕಂಡಿರಲಿಲ್ಲ, ಆದುದರಿಂದ ಇಲ್ಲವೆಂದ. ಪುಡಿಯಾದದ್ದಕ್ಕೆ ಮರಾಠಿಯಲ್ಲಿ ಹೆಸರೇ ಬೇರೆ, ‘ಕೂಟ’. ನಮಗೆ ಕೂಟವೆಂದರೆ ಇಂದು ಇಲ್ಲಿ ಸೇರಿದಂತೆ ಜನ ಸೇರುವದು. ಪುಣೆಯ ಅಡಿಗೆಯವನಿಗೆ ಶೇಂಗಾಪುಡಿ. ಬೆಳಿಗ್ಗೆಯೇ ಅದನ್ನು ಕುಟ್ಟಿ ಡಬ್ಬಿಯಲ್ಲಿ ತುಂಬಿಡುವರು. ಪಲ್ಯಕ್ಕೆ, ಕೋಶಿಂಬೀರಕ್ಕೆ, ಸಾಬೂದಾಣೆಯ ಖಿಚಡಿಗೆ ಅದೇ ಡಬ್ಬಿ. ಬಡಿಸುವವನು ಆ ಡಬ್ಬಿಯನ್ನು ನೋಡಿರುವದೇ ಇಲ್ಲ. ಹಿಂದೆ ಹೋಟೆಲಿನ ಮಾಣಿ ಉಡುಪಿ ಕುಂದಾಪುರದವನು, ಒಳಗಿನ ಭಟ್ಟರೂ ಅಲ್ಲಿಯವರೇ. ಒಂದು ಕೂಗು ಹಾಕಿದರೆ ಉತ್ತರ ಬರುತ್ತಿತ್ತು. ಈಗ ಅನೇಕ ಕಡೆ ಬಡಿಸುವವನು ಬಿಹಾರದವನು, ಬೇಯಿಸುವವನು ನೇಪಾಳದವನು, ಕೇಳುವವನು ಕನ್ನಡದವನು. ಮೂವರೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವರೇ.

ಇನ್ನೊಂದು ಮಾತಿದೆ. “ಗೊತ್ತಿಲ್ಲ” ಎಂದ ಹುಡುಗನಿಗೆ ಗಲ್ಲೆಯ ಮೇಲಿನವರ ಬೈಗಳು, ಗಿರಾಕಿಯ ಬೈಗಳು, ಎರಡೂ ತಪ್ಪವು. “ಇಲ್ಲ” ಎಂದವನಿಗೆ ಯಾರೂ ಏನೂ ಅನ್ನುವದಿಲ್ಲ. ಹೀಗಿರುವಾಗ ಅವನು ಯಾವ ಉತ್ತರ ಕಲಿತಾನು?

ಶೇಂಗಾ ಒಂದೇ ಅಲ್ಲ. ಉಪವಾಸವೆಂಬ ಶಬ್ದವನ್ನೇ ನೋಡಿರಿ. ನಮ್ಮಲ್ಲಿ ಅನೇಕರು ಅನ್ನ ಬಿಟ್ಟು ಅವಲಕ್ಕಿ, ರವೆಯ ಉಪ್ಪಿಟ್ಟು ತಿಂದು ಫಳಾರವಾಯಿತೆನ್ನುವರು. ಮಹಾರಾಷ್ಟ್ರದ ಬಂಧುಗಳಿಗೆ ಅವೆರಡೂ ಉಪವಾಸಕ್ಕೆ ಸಲ್ಲವು. ಅವರಿಗೆ ಸಾಬೂದಾಣೆ, ಭಗರ, ಬಟಾಟೆ, ಶೇಂಗಾ ನಡೆಯುವವು. ಏಕಾದಶಿಯ ದಿನ ಮನೆಗೆ ಬಂದ ನೆರೆಯ ಮರಾಠಿ ತಾಯಿಯ ಮುಂದೆ ಉಪ್ಪಿಟ್ಟಿನ ಬಶಿ ಇಟ್ಟು ನಾವೇ ನಾಚಿಕೊಂಡದ್ದುಂಟು. ಅವರು ನಕ್ಕು ನೀರಷ್ಟೇ ಕುಡಿದು ಹೋದರು. ಒಂದು ಸ್ವಾರಸ್ಯವೆಂದರೆ, ಸಾಬೂದಾಣೆ ತೆಗೆಯುವ ಮರಗೆಣಸು, ಬಟಾಟೆ, ಶೇಂಗಾ, ಮೆಣಸಿನಕಾಯಿ ಎಲ್ಲವೂ ಅಮೇರಿಕಾ ಖಂಡದಿಂದ ಬಂದವು. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಗೊತ್ತಿಲ್ಲದ ಬೆಳೆಗಳು ವ್ರತದ ತಾಟಿನಲ್ಲಿ ಕುಳಿತಿವೆ. ಒಂದೇ ಹೆಸರಿನಿಂದ ಒಂದೇ ಪದಾರ್ಥ ತಿಳಿಯಬಾರದೆಂಬದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಗೋದಿ ಆಗದವರ ಕಷ್ಟ ಇನ್ನೂ ಸೂಕ್ಷ್ಮ. ಕೆಲವರ ಕರುಳಿಗೆ ಗೋದಿ, ಜವೆಗೋದಿಗಳಲ್ಲಿರುವ ಗ್ಲುಟೆನ್ ಎಂಬ ಅಂಶ ಕೇಡು ಮಾಡುವದು. ಇದಕ್ಕೆ ಗೋದಿಯೇ ಕಾರಣವೆಂಬದನ್ನು ಡಿಕೆ ಎಂಬ ಡಚ್ ಮಕ್ಕಳ ವೈದ್ಯರು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಇಂಥವರು ಹೋಟೆಲಿಗೆ ಹೋಗಿ ಚಪಾತಿ ಬಿಟ್ಟು ಅನ್ನ, ಸಾಂಬಾರು ಕೇಳಿದರೆ ಸಾಕೆ? ಸಾಲದು. ಸಾಂಬಾರಿನಲ್ಲಿ ಇಂಗು ಇರುವದು. ಅಫಗಾನಿಸ್ತಾನ, ಇರಾನಗಳಿಂದ ಬರುವ ಇಂಗಿನ ಅಂಟು ಬಲು ತೀಕ್ಷ್ಣ. ಪೇಟೆಯ ಪುಡಿ ಇಂಗಿಗೆ ಬಹುಮಟ್ಟಿಗೆ ಗೋದಿಹಿಟ್ಟನ್ನೋ ಅಕ್ಕಿಹಿಟ್ಟನ್ನೋ ಬೆರೆಸಿರುತ್ತಾರೆ. “ಸಾಂಬಾರಿನಲ್ಲಿ ಗೋದಿ ಎಲ್ಲಿಂದ ಬಂತು ಸಾಹೇಬರೆ?” ಎಂದು ಹುಡುಗ ನಕ್ಕರೆ ಅವನದು ತಪ್ಪಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಅಡಿಗೆಯವರೇ ಓದಿರುವದಿಲ್ಲ.

ಹಾಗಾದರೆ ಹೋಟೆಲಿನವರಿಗೆ ಕಲಿಸಲಾಗದೆ? ಆಗುತ್ತದೆ. ಇದೇ ಪುಣೆಯಲ್ಲಿ “ಜೈನ ಪಾವಭಾಜಿ” ಎಂದು ಕೇಳಿ ನೋಡಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ, ಬಟಾಟೆಯ ಬದಲು ಬಾಳೆಕಾಯಿ ಹಾಕಿ ಮಾಡಿಕೊಡುವರು. ನೆಲದೊಳಗಿನ ಗಡ್ಡೆ ಕೂಡದೆಂಬದು ಸಣ್ಣ ಗಾಡಿಯವನಿಗೂ ಗೊತ್ತು. ಅವನಿಗೆ ಯಾವ ಶಾಲೆಯವರು ಕಲಿಸಿದರು? ಗಿರಾಕಿಗಳು ಬಿಡದೆ, ಬೇಸರವಿಲ್ಲದೆ, ವರ್ಷಾನುಗಟ್ಟಲೆ ಕೇಳಿದರು, ಅವನು ಕಲಿತ.

ಕಾಯ್ದೆಯೂ ಸ್ವಲ್ಪ ಮುಂದುವರಿದಿದೆ. ಯುರೋಪಿನಲ್ಲಿ 2014ರ ಡಿಸೆಂಬರದಿಂದ ಹದಿನಾಲ್ಕು ಬಗೆಯ ಪದಾರ್ಥಗಳ ವಿಷಯ ಕೇಳಿದವರಿಗೆ ಊಟದ ಮನೆಯವರು ಹೇಳಲೇಬೇಕು. ನಮ್ಮಲ್ಲಿ 2020ರ ನಿಯಮಗಳಂತೆ, ಕೇಂದ್ರ ಪರವಾನಿಗೆ ಉಳ್ಳ ಅಥವಾ ಹತ್ತು ಮತ್ತು ಹೆಚ್ಚು ಕಡೆ ಶಾಖೆಗಳುಳ್ಳ ಹೋಟೆಲುಗಳು ಗ್ಲುಟೆನ್ನಿನ ಧಾನ್ಯ, ಹಾಲು, ಶೇಂಗಾ, ಸೋಯಾ ಮೊದಲಾದವುಗಳ ಬಗ್ಗೆ ಗಿರಾಕಿಗೆ ತಿಳಿಸಬೇಕು. ಆದರೆ ನಾವು ನೀವು ಹೋಗುವ ಖಾನಾವಳಿಗೆ ಹತ್ತು ಶಾಖೆಗಳೆಲ್ಲಿ? ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಶಾಕಾಹಾರವೆಂದಷ್ಟೇ ಹೇಳುವದು. ಶೇಂಗಾಕ್ಕೂ ಹಸಿರು ಚುಕ್ಕೆ, ಗೋದಿಗೂ ಹಸಿರು ಚುಕ್ಕೆ. ಆದ್ದರಿಂದ ಬಾಯಿಮಾತಿನ ಕೆಲಸ ತಪ್ಪದು.

ನಮಗೆ ತಿಳಿದಷ್ಟು ವಿಧಾನ ಹೇಳುತ್ತೇವೆ. ಗದ್ದಲದ ವೇಳೆ ಬಿಟ್ಟು, ತುಸು ಬೇಗನೆ ಹೋಗಿರಿ. ಬಡಿಸುವವನ ಒಂದು “ಇಲ್ಲ”ದ ಮೇಲೆ ನಂಬಿ ಕೂಡಬೇಡಿರಿ. ಪ್ರಶ್ನೆ ಅಡಿಗೆಮನೆಯ ತನಕ ಹೋಗಿ ಉತ್ತರ ತರಲಿ. ಶೇಂಗಾ ಇದೆಯೆ ಎಂಬ ಒಂದೇ ಮಾತು ಸಾಲದು. ಶೇಂಗದಾಣೆ, ಕೂಟ, ಗಾಣದ ಶೇಂಗಾ ಎಣ್ಣೆ ಎಂದು ಎಲ್ಲ ರೂಪಗಳನ್ನೂ ಹೆಸರಿಟ್ಟು ಕೇಳಿರಿ. ಅದೇ ಸೌಟು, ಅದೇ ಕಡಾಯಿ ಬಳಸಿದರೂ ಅಪಾಯವೆಂದು ತಿಳಿಸಿರಿ. “ಸ್ವಲ್ಪವಾದರೆ ನಡೆದೀತು” ಎಂದು ಸಂಕೋಚದಿಂದ ಅನ್ನಬೇಡಿರಿ. ಉತ್ತರ ಸಿಗದಿದ್ದರೆ ಸಿಟ್ಟಾಗದೆ ಎದ್ದು ಬನ್ನಿರಿ. ಬಾಳೆಹಣ್ಣಿನ ಅಂಗಡಿ ಎಲ್ಲ ಕಡೆಗೂ ಇದೆ. ಯಾವ ಹುಡುಗ “ನನಗೆ ಗೊತ್ತಿಲ್ಲ, ಕೇಳಿ ಬರುತ್ತೇನೆ” ಎನ್ನುವನೋ ಅವನಿಗೆ ಎರಡು ಒಳ್ಳೆಯ ಮಾತು ಹೇಳಿ, ಗಲ್ಲೆಯವರ ಮುಂದೆಯೂ ಹೊಗಳಿರಿ. ಇಷ್ಟಾಗಿಯೂ ಉಸಿರು ಕಟ್ಟಿದರೆ, ಗುಳಿಗೆ ಕೊಟ್ಟು ಕಾಯುತ್ತ ಕೂಡಬೇಡಿರಿ. 108ಕ್ಕೆ ಕರೆಮಾಡಿರಿ, ಇಲ್ಲವೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಯ ಮೊದಲ ಮದ್ದು ಅಡ್ರಿನಲಿನ್.

ಇಷ್ಟು ಹೇಳಿ ಹೋಟೆಲಿನವರ ಮೇಲೆ ಭಾರ ಹಾಕಿ ಕುಳಿತರೆ ನಾವು ಪ್ರಾಮಾಣಿಕರಾಗುವದಿಲ್ಲ. ಹೋದ ವರ್ಷದ ರಾಜ್ಯೋತ್ಸವದ ಊಟ ನೆನಪಿದೆಯಷ್ಟೆ? ಬಡಿಸುವವರು ನಾವೇ. ಬದನೆಕಾಯಿ ಎಣ್ಣೆಗಾಯಿ ಇತ್ತು, ಎಲ್ಲರೂ ಮೆಚ್ಚಿ ಉಂಡರು. ಅದರೊಳಗೆ ಶೇಂಗಾಪುಡಿ, ಪಕ್ಕದಲ್ಲಿ ಶೇಂಗಾ ಚಟ್ನಿ. ಹಿರಿಯರೊಬ್ಬರು, “ಸಾರಿಗೆ ಬೆಲ್ಲ ಹಾಕಿದ್ದೀರೇನ್ರೀ? ನನಗೆ ಸಕ್ಕರೆ ರೋಗ” ಎಂದು ಕೇಳಿದಾಗ, ಸೌಟು ಹಿಡಿದು ನಿಂತ ನಾವು ಏನಂದೆವು? “ಏನಿಲ್ಲ ಬಿಡ್ರೀ, ಊಟ ಮಾಡ್ರಿ” ಎಂದೆವು. ನಾವು ಒಳಗೆ ಹೋಗಿ ಕೇಳಿರಲಿಲ್ಲ. ಆ ಹುಡುಗನಿಗೂ ನಮಗೂ ಭೇದವೇನು? ಅವನು ನೌಕರ, ನಾವು ಆತಿಥೇಯರು. ನಮ್ಮ ತಪ್ಪೇ ದೊಡ್ಡದು.

ಆದುದರಿಂದ ನಮ್ಮ ವಿನಂತಿ ಇಷ್ಟೆ. ಮುಂದಿನ ಊಟದಿಂದ ಪ್ರತಿಯೊಂದು ಪಾತ್ರೆಯ ಪಕ್ಕಕ್ಕೆ ಒಂದು ಚೀಟಿ ಇರಲಿ: ಶೇಂಗಾ ಇದೆ, ಗೋದಿ ಇದೆ, ಬೆಲ್ಲ ಇದೆ, ಉಳ್ಳಾಗಡ್ಡಿ ಇದೆ ಎಂದು ದಪ್ಪಕ್ಷರದಲ್ಲಿ. ಅದನ್ನು ಬರೆಯುವವರು ಅಡಿಗೆ ಮಾಡಿದವರೇ ಆಗಿರಲಿ. ಎರಡನೆಯದಾಗಿ, ಬೇಡದ ಪದಾರ್ಥಗಳ ಹೆಸರನ್ನು ಮರಾಠಿ, ಹಿಂದಿಗಳಲ್ಲಿ ಬರೆದ ಸಣ್ಣ ಕಾರ್ಡುಗಳನ್ನು ವಾಚನಾಲಯದ ಮೇಜಿನ ಮೇಲೆ ಇಡುತ್ತೇವೆ. ಊರಿಗೆ ಹೊಸಬರಾಗಿ ಬಂದವರು ಒಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಮೊದಲನೆಯ ಕಾರ್ಡನ್ನು ಆ ಎಂಟು ವರ್ಷದ ಹುಡುಗಿಯೇ ತನ್ನ ಕೈಯಿಂದ ಬರೆದುಕೊಟ್ಟಿದ್ದಾಳೆ. ಅಕ್ಷರ ದುಂಡಾಗಿವೆ. ‘ಕೂಟ’ ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.