ಇಡುವುದು ಸುಲಭ, ಸಿಗಬೇಕಲ್ಲ!

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1984ರಿಂದ 1987ರವರೆಗೆ ಈ ಶಾಲೆಯಲ್ಲಿ ಓದಿದವನು. ಸಮಿತಿಯವರು ‘ಇಂಟರ್‌ನೆಟ್‌ನಲ್ಲಿ ಕನ್ನಡ’ ಎಂಬ ವಿಷಯ ಕೊಟ್ಟಿದ್ದಾರೆ. ಅಷ್ಟು ದೊಡ್ಡ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ರಾತ್ರಿ ಊಟವಾದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಕುಳಿತು ನಾನು ಮಾಡುವ ಒಂದು ಸಣ್ಣ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಲೇಖನಗಳನ್ನು ವರ್ಗ, ಉಪವರ್ಗಗಳಿಗೆ ಸೇರಿಸುವ ಕೆಲಸ. ಇದರ ಮೊದಲ ಪಾಠ ನನಗೆ ಆಗಿದ್ದು ಕಂಪ್ಯೂಟರ್‌ನಲ್ಲಲ್ಲ, ಇದೇ ಶಾಲೆಯ ಹೆಡ್‌ಮಾಸ್ಟರ ಕೋಣೆಯ ಪಕ್ಕದಲ್ಲಿದ್ದ ಪುಸ್ತಕದ ಬೀರುವಿನ ಮುಂದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಆ ಬೀರು ಜೋಡಿಸಲು ಹೇಳಿದರು. ನಾನು ಎತ್ತರದ ಪುಸ್ತಕ ಒಂದು ಕಡೆ, ಗಿಡ್ಡ ಪುಸ್ತಕ ಒಂದು ಕಡೆ ಇಟ್ಟು, ನೋಡಲು ಬಹಳ ಅಂದವಾಗಿ ಜೋಡಿಸಿದೆ. ಮೇಷ್ಟ್ರು ಬಂದು, “ಜೇನು ಸಾಕಣೆ ಪುಸ್ತಕ ಕೊಡಯ್ಯ” ಅಂದರು. ಹುಡುಕಿದೆ, ಹುಡುಕಿದೆ, ಗಂಟೆ ಹೊಡೆದರೂ ಸಿಗಲಿಲ್ಲ. ಅವರು ಬೈಯಲಿಲ್ಲ. “ಚೆನ್ನಾಗಿ ಕಾಣ್ತದೆ ಕಣಯ್ಯ. ಆದ್ರೆ ಇಡೋದು ಸುಲಭ, ಸಿಗಬೇಕಲ್ಲ!” ಅಂದರು.

ಶನಿವಾರ ಇಬ್ಬರೂ ಕೂತು ಎಲ್ಲವನ್ನೂ ಕೆಳಗಿಳಿಸಿ ಕತೆ, ಕವಿತೆ, ವಿಜ್ಞಾನ, ಕೃಷಿ ಎಂದು ಬೇರೆ ಮಾಡಿದೆವು. ಜೇನಿನ ಪುಸ್ತಕ ಕೈಗೆ ಬಂದಾಗ ಜಗಳ ಶುರುವಾಯಿತು. ಜೇನುಹುಳು ಪ್ರಾಣಿ, ವಿಜ್ಞಾನಕ್ಕೆ ಸೇರಬೇಕು ಎಂದು ನಾನು. ಇದನ್ನು ಕೇಳಿಕೊಂಡು ಬರುವವರು ರೈತರ ಮಕ್ಕಳು, ಕೃಷಿಯಲ್ಲಿರಲಿ ಎಂದು ಅವರು. ಕೊನೆಗೆ ಪುಸ್ತಕ ಕೃಷಿಗೆ ಹೋಯಿತು. ವಿಜ್ಞಾನದ ಸಾಲಿನಲ್ಲಿ ಮೇಷ್ಟ್ರು ಒಂದು ಚೀಟಿ ಸಿಕ್ಕಿಸಿದರು: ‘ಜೇನಿನ ಪುಸ್ತಕ ಕೃಷಿ ಸಾಲಿನಲ್ಲಿದೆ.’

ಈ ಚೀಟಿಯ ಕಷ್ಟ ಏನೆಂದು ಎಸ್.ಆರ್. ರಂಗನಾಥನ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಒಂದು ಪುಸ್ತಕಕ್ಕೆ ಹಲವು ಮುಖಗಳಿರುತ್ತವೆ ಎಂಬುದನ್ನು ಹಿಡಿದು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಹೊಸ ಪದ್ಧತಿಯನ್ನೇ ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಇದಕ್ಕಾಗಿಯೇ ಒಂದು ತರಬೇತಿ ಕೇಂದ್ರವನ್ನು ಕಟ್ಟಿದರು. ಓದುಗನ ಹೊತ್ತು ಹಾಳಾಗಬಾರದು ಎಂಬುದು ಅವರ ಮುಖ್ಯ ಕಾಳಜಿಗಳಲ್ಲಿ ಒಂದು. ನಮ್ಮ ಮೇಷ್ಟ್ರು ಹೇಳಿದ್ದೂ ಅದನ್ನೇ.

ಈಗ ವಿಕಿಪೀಡಿಯಕ್ಕೆ ಬರೋಣ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದು, ತಿದ್ದಬಹುದು. ಕಾವೇರಿಯ ಬಗ್ಗೆ ಒಂದು ಲೇಖನ ಇದೆ ಎನ್ನಿ. ಅದರ ಕೊನೆಯಲ್ಲಿ ಜೋಡಿ ಚೌಕ ಕಂಸದೊಳಗೆ ‘ವರ್ಗ:ಕರ್ನಾಟಕದ ನದಿಗಳು’ ಎಂದು ಬರೆದರೆ ಸಾಕು. ಶರಾವತಿ, ಹೇಮಾವತಿ, ತುಂಗೆಯ ಪುಟಗಳಲ್ಲೂ ಅದೇ ಸಾಲು ಇದ್ದರೆ, ಎಲ್ಲ ನದಿಗಳ ಪಟ್ಟಿ ತಾನಾಗಿಯೇ ಅಕ್ಷರ ಕ್ರಮದಲ್ಲಿ ತಯಾರಾಗುತ್ತದೆ. ಆ ಪಟ್ಟಿಯ ಪುಟದ ಕೊನೆಯಲ್ಲಿ ‘ವರ್ಗ:ಭಾರತದ ನದಿಗಳು’ ಎಂದು ಬರೆದರೆ ಅದು ದೊಡ್ಡ ವರ್ಗದ ಉಪವರ್ಗವಾಗುತ್ತದೆ. ಕಾಗದದ ಮೇಲೆ ಊರು, ತಾಲ್ಲೂಕು, ಜಿಲ್ಲೆ ಎಂದು ವಿಳಾಸ ಬರೆಯುತ್ತಿದ್ದೆವಲ್ಲ, ಹಾಗೆ.

ಬೀರುವಿಗಿಂತ ಇಲ್ಲಿ ಒಂದು ಅನುಕೂಲ ಹೆಚ್ಚು. ಕಾವೇರಿ ತಮಿಳುನಾಡಿನಲ್ಲೂ ಹರಿಯುತ್ತಾಳೆ, ಆ ವರ್ಗಕ್ಕೂ ಸೇರಿಸಬಹುದು. ಜೇನು ಕೃಷಿಯಲ್ಲೂ ಇರಬಹುದು, ಕೀಟಗಳಲ್ಲೂ ಇರಬಹುದು. ಚೀಟಿ ಬೇಕಿಲ್ಲ.

ಇಷ್ಟು ಸುಲಭವಾದರೆ ತಪ್ಪು ಎಲ್ಲಿ ಆಗುತ್ತದೆ? ಒಬ್ಬರು ‘ಗ್ರಾಮಗಳು’ ಎಂದು ವರ್ಗ ಮಾಡುತ್ತಾರೆ, ಇನ್ನೊಬ್ಬರು ‘ಹಳ್ಳಿಗಳು’ ಎಂದು. ಅರ್ಥ ಒಂದೇ, ಆದರೆ ಯಂತ್ರಕ್ಕೆ ಅವು ಎರಡು. ಅರ್ಧ ಊರು ಇಲ್ಲಿ, ಅರ್ಧ ಊರು ಅಲ್ಲಿ. ಕೆಲವರು ಒಂದೇ ಲೇಖನಕ್ಕೆ ಒಂದು ಉಪವರ್ಗ ಮಾಡುತ್ತಾರೆ, ಒಂದೇ ಕುರಿಗೆ ಒಂದು ದೊಡ್ಡಿ ಕಟ್ಟಿದ ಹಾಗೆ. ಒಂದನ್ನು ಇನ್ನೊಂದರೊಳಗೆ, ಇನ್ನೊಂದನ್ನು ಮತ್ತೆ ಮೊದಲನೆಯದರೊಳಗೆ ಹಾಕಿದರೆ ಓದುಗ ಗಾಣದ ಎತ್ತಿನಂತೆ ಸುತ್ತುತ್ತಾನೆ. ಇವು ಸಣ್ಣ ತಪ್ಪುಗಳು, ತಿದ್ದಬಹುದು. ನಾನು ಮಾಡಿದ ತಪ್ಪು ಇವಕ್ಕಿಂತ ದೊಡ್ಡದು. ಅದನ್ನು ಇವತ್ತು ಹೇಳಲೇಬೇಕು.

ಕೆಲಸ ಕಲಿತ ಹೊಸದರಲ್ಲಿ ನನಗೆ ವಿಂಗಡಿಸುವ ಹುಚ್ಚು. ಕಾದಂಬರಿಕಾರರ ಪಟ್ಟಿ ಉದ್ದವಾಗಿದೆ ಅನ್ನಿಸಿತು. ಲೇಖಕಿಯರಿಗೆ ಗೌರವದಿಂದ ಪ್ರತ್ಯೇಕ ವರ್ಗ ಇರಲಿ ಎಂದು ಅವರ ಹೆಸರುಗಳನ್ನು ಉಪವರ್ಗಕ್ಕೆ ಹಾಕಿ, ದೊಡ್ಡ ಪಟ್ಟಿಯಿಂದ ತೆಗೆದೆ. ಅಚ್ಚುಕಟ್ಟಾಯಿತು ಎಂದು ಮಲಗಿದೆ. ಆ ವಾರವೇ ಪಿಯುಸಿ ಓದುತ್ತಿದ್ದ ನಮ್ಮಕ್ಕನ ಮಗಳು ಕಾಲೇಜಿನ ಪ್ರಬಂಧಕ್ಕೆ ಆ ಪಟ್ಟಿ ನೋಡಿ ಫೋನ್ ಮಾಡಿದಳು: “ಮಾವ, ಕನ್ನಡದಲ್ಲಿ ಕಾದಂಬರಿ ಬರೆದ ಹೆಂಗಸರು ಯಾರೂ ಇಲ್ವಾ?”

ನನ್ನ ಎದೆ ಧಸಕ್ ಎಂದಿತು. ‘ಶರಪಂಜರ’ ಬರೆದ ತ್ರಿವೇಣಿ ಇಲ್ಲ. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ಇಲ್ಲ. ಅನುಪಮಾ ನಿರಂಜನ ಇಲ್ಲ. ನಮ್ಮ ತಾಯಂದಿರು ಲೈಬ್ರರಿಯಿಂದ ತರಿಸಿಕೊಂಡು ಓದುತ್ತಿದ್ದುದೇ ಇವರನ್ನು! ನಾನು ಯಾರ ಲೇಖನವನ್ನೂ ಅಳಿಸಿರಲಿಲ್ಲ. ಆದರೂ ಒಂದು ಮಗುವಿನ ಕಣ್ಣಿಗೆ ಅವರು ಇಲ್ಲವಾಗಿದ್ದರು. ಅವರನ್ನು ನಡುಮನೆಯಿಂದ ಎಬ್ಬಿಸಿ ಒಳಕೋಣೆಗೆ ಕಳಿಸಿದ್ದೆ. ಅದೇ ರಾತ್ರಿ ಎಲ್ಲರನ್ನೂ ಮತ್ತೆ ದೊಡ್ಡ ಪಟ್ಟಿಗೂ ಸೇರಿಸಿದೆ.

2013ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲೂ ಹೀಗೇ ಆಯಿತು. ಅಮೆರಿಕದ ಕಾದಂಬರಿಕಾರರ ವರ್ಗದಿಂದ ಮಹಿಳೆಯರ ಹೆಸರುಗಳನ್ನು ತೆಗೆದು ಬೇರೆ ಉಪವರ್ಗಕ್ಕೆ ಹಾಕುತ್ತಿದ್ದುದನ್ನು ಅಮಾಂಡಾ ಫಿಲಿಪಾಕಿ ಎಂಬ ಕಾದಂಬರಿಕಾರ್ತಿ ಗಮನಿಸಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದರು. ದೊಡ್ಡ ಚರ್ಚೆಯೇ ನಡೆಯಿತು. ಹೆಣ್ಣು, ಗಂಡು, ಜಾತಿ, ಜನಾಂಗ ಎಂದು ಉಪವರ್ಗ ಮಾಡಿದಾಗ ಆ ವ್ಯಕ್ತಿಯ ಹೆಸರು ಮೂಲ ವರ್ಗದಲ್ಲೂ ಉಳಿಯಬೇಕು. ನದಿಗಳನ್ನು ರಾಜ್ಯವಾರು ಹಂಚಿದಂತೆ ಮನುಷ್ಯರನ್ನು ಹಂಚಲು ಬರುವುದಿಲ್ಲ.

ಆದ್ದರಿಂದ ಈಗ ಯಾವುದೇ ವರ್ಗ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹುಡುಕಿಕೊಂಡು ಬರುವವರು ಯಾರು? ಅವರು ಮೊದಲು ಯಾವ ಬಾಗಿಲು ತಟ್ಟುತ್ತಾರೆ? ನಾನು ಮಾಡುವ ಬದಲಾವಣೆಯಿಂದ ಅಲ್ಲಿ ಯಾರಾದರೂ ಕಾಣದಂತಾಗುತ್ತಾರೆಯೇ?

ಈ ಪ್ರಶ್ನೆಗಳು ನಮ್ಮ ಶಾಲೆಗೂ ಬೇಕು. ಐವತ್ತು ವರ್ಷದ ಫೋಟೋಗಳು, ಹಾಜರಿ ಪುಸ್ತಕಗಳು, ನಾಟಕದ ಕರಪತ್ರಗಳು ಈಗ ಪೆಟ್ಟಿಗೆಗಳಲ್ಲಿವೆ. ಅವನ್ನು ಜೋಡಿಸುವಾಗ ‘ಗಣ್ಯರು’ ಎಂದು ಒಂದು ಕಡತ ಮಾಡಿ, ಉಳಿದವರನ್ನೆಲ್ಲ ‘ಇತರೆ’ಗೆ ಹಾಕಬೇಡಿ. ಗಂಟೆ ಹೊಡೆದವರು, ಬಿಸಿಯೂಟ ಬೇಯಿಸಿದವರು, ಹತ್ತನೇ ತರಗತಿ ಮುಗಿಸಲಾಗದೆ ಹೊಲಕ್ಕೆ ಹೋದ ಹುಡುಗಿಯರು, ಇವರೂ ಈ ಶಾಲೆಯವರೇ. ‘ಇತರೆ’ ಎಂಬ ಕಡತವನ್ನು ಯಾರೂ ಬಿಚ್ಚುವುದಿಲ್ಲ.

ಮಕ್ಕಳೇ, ನಮ್ಮ ಕೆರೆ, ಜಾತ್ರೆ, ಇಲ್ಲಿ ಬೆಳೆಯುವ ರಾಗಿಯ ಬಗ್ಗೆ ನೀವೂ ವಿಕಿಪೀಡಿಯದಲ್ಲಿ ಬರೆಯಬಹುದು. ಕೇಳಿದ ಮಾತು ಸಾಲದು, ಅಚ್ಚಾದ ಆಧಾರ ಬೇಕು. ಅದನ್ನು ಹುಡುಕುವುದೂ ಒಂದು ಓದೇ. ಮುಖ್ಯೋಪಾಧ್ಯಾಯರು ಒಪ್ಪಿದರೆ ತಿಂಗಳಿಗೊಂದು ಶನಿವಾರ ನಾನೇ ಬಂದು ಕಲಿಸುತ್ತೇನೆ.

ನಿನ್ನೆ ಸಂಜೆ ಬಂದವನು ಆ ಹಳೆಯ ಬೀರು ನೋಡಲು ಹೋಗಿದ್ದೆ. ಬಣ್ಣ ಹೋಗಿದೆ, ಬಾಗಿಲು ಕಿರ್ ಎನ್ನುತ್ತದೆ. ನಮ್ಮ ಚೀಟಿ ಅಲ್ಲಿರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ಮೇಷ್ಟ್ರೂ ಈಗಿಲ್ಲ. ಅವರು ಕಲಿಸಿದ ಕೆಲಸವನ್ನು ಮಾತ್ರ ದಿನಾ ರಾತ್ರಿ ಮಾಡುತ್ತಿದ್ದೇನೆ.