ದಾಸೋಹವೂ ಬಾಣಂತಿಯ ಕೋಣೆಯೂ



ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಹೋಗುವ ಪಯಣಿಗನು ಒಂದೇ ಹಗಲಿನೊಳಗೆ ಎರಡು ನಾಡುಗಳನ್ನು ಕಾಣುವನು. ಅರಸೀಕೆರೆಯ ಸೀಮೆಯು ತೆಂಗು ರಾಗಿಗಳ ಬಯಲು. ಅಲ್ಲಿಯ ಜನರು ಮಳೆಗಾಗಿ ಮುಗಿಲನ್ನು ನೋಡುವರು. ಯಗಚಿಯ ದಡದ ಬೇಲೂರಾದರೋ ಮಲೆನಾಡಿನ ಬಾಗಿಲು. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆಲ್ಲ ಮಳೆಯೇ ಭಯಕಾರಣವಾಗುವುದು. ಬರವೂ ನೆರೆಯೂ ಹೀಗೆ ಅಕ್ಕಪಕ್ಕದಲ್ಲಿರುವ ಸೀಮೆಯಲ್ಲಿ ಮಠಗಳ ದಾಸೋಹವು ಮೊದಲು ಯಾರನ್ನು ಮುಟ್ಟಬೇಕೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876–78ರ ಮಹಾಕ್ಷಾಮವು ಈ ವಿಚಾರಕ್ಕೆ ಕನ್ನಡಿಯಂತಿದೆ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಮದರಾಸಿನಿಂದ ರೈಲು ಬೆಂಗಳೂರಿನವರೆಗೆ ಮಾತ್ರ ಬರುತ್ತಿತ್ತು. ಅರಸೀಕೆರೆಗೆ ಇನ್ನೂ ಬಂದಿರಲಿಲ್ಲ. ಬೆಂಗಳೂರಿಗೆ ಬಂದ ಧಾನ್ಯವನ್ನು ಒಳನಾಡಿಗೆ ಒಯ್ಯಲು ಬಂಡಿಗಳೇ ಗತಿ. ಬಂಡಿ ಎಳೆಯಬೇಕಾದ ಎತ್ತುಗಳಿಗೋ ಮೇವಿಲ್ಲ. ಸರ್ಕಾರವು ಕಾಮಗಾರಿಗಳನ್ನು ಹೂಡಿತು, ಗಂಜಿಮನೆಗಳನ್ನು ತೆರೆಯಿತು. ಆದರೆ ಕಾಮಗಾರಿಗೆ ತೋಳಿನಲ್ಲಿ ಕಸುವು ಬೇಕು, ಗಂಜಿಮನೆಗೆ ನಡೆದು ಬರಲು ಕಾಲಿನಲ್ಲಿ ಕಸುವು ಬೇಕು. ತುಂಬಿದ ಬಸುರಿಯು ಬುಟ್ಟಿ ಮಣ್ಣು ಹೊರಬಲ್ಲಳೇ? ಹೆತ್ತು ಮೂರು ದಿನವಾದವಳು ಹರದಾರಿ ದೂರ ನಡೆಯಬಲ್ಲಳೇ? ಉರಿಯುವ ಒಲೆ ಒಂದೆಡೆ, ನಡೆಯಲಾರದ ತಾಯಿ ಇನ್ನೊಂದೆಡೆ. ನಡುವಣ ಈ ದೂರವೇ ಎಷ್ಟೋ ತೊಟ್ಟಿಲುಗಳನ್ನು ಬರಿದು ಮಾಡುವುದು.

ಆ ಕ್ಷಾಮದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಆಶ್ರಯವನ್ನು ಕಲ್ಪಿಸಿದವರು ವೆಸ್ಲಿಯನ್ ಮಿಷನ್ನಿನವರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅವರೇ ಆ ಊರಿನಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು ಸ್ತ್ರೀಯರ ಮತ್ತು ಮಕ್ಕಳ ಚಿಕಿತ್ಸೆಗಾಗಿ ನಡೆಯಿಸಿದರು. ಮತವು ಬೇರೆಯಾದರೂ ಸೇವೆಯನ್ನು ಸೇವೆಯೆಂದು ಒಪ್ಪಿಕೊಳ್ಳುವುದು ಶರಣಧರ್ಮವೇ ಆಗಿರುವುದು.

ಹಾಗೆಂದು ಈ ಕಾರ್ಯವು ಹೊರಗಿನಿಂದಲೇ ಬಂದುದೆಂದು ತಿಳಿಯತಕ್ಕದ್ದಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಅದನ್ನು ವಿದ್ಯಾಸ್ಥಾನವೆಂದು ಹೊಗಳುವುದರೊಂದಿಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ನೀಡುವ ಸ್ಥಾನವೆಂದು ವರ್ಣಿಸುವುದು. ಆಂಧ್ರದೇಶದ ಮಲ್ಕಾಪುರದ 1261ರ ಶಾಸನದಲ್ಲಿ, ಕಾಕತೀಯ ರುದ್ರಮದೇವಿಯ ಕಾಲದ ವಿಶ್ವೇಶ್ವರ ಶಿವಾಚಾರ್ಯರು ಗೋಳಕೀ ಮಠದ ಆಶ್ರಯದಲ್ಲಿ ಆರೋಗ್ಯಶಾಲೆಯನ್ನೂ ಪ್ರಸೂತಿಶಾಲೆಯನ್ನೂ ಏರ್ಪಡಿಸಿದ ಸಂಗತಿಯುಂಟು. ಏಳೂವರೆ ಶತಮಾನಗಳ ಹಿಂದೆಯೇ ಶೈವಮಠವೊಂದು ಹೆರಿಗೆಯನ್ನು ತನ್ನ ಕರ್ತವ್ಯಗಳಲ್ಲಿ ಎಣಿಸಿತ್ತೆಂಬುದು ಚಿಂತನೀಯ.

ಶರಣರ ಸಿದ್ಧಾಂತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವುದು. ಲಿಂಗಧಾರಿಗಳಿಗೆ ಪಂಚಸೂತಕಗಳಿಲ್ಲ, ಜನನಸೂತಕವೂ ಅವುಗಳಲ್ಲಿ ಒಂದು. ಹೆತ್ತವಳು ಮೈಲಿಗೆಯವಳಲ್ಲ, ಹುಟ್ಟಿದ ಕೂಸು ಮೈಲಿಗೆಯದಲ್ಲ. ಗರ್ಭಕ್ಕೆ ಎಂಟನೆಯ ತಿಂಗಳಿನಲ್ಲಿಯೇ ಲಿಂಗಸಂಸ್ಕಾರವನ್ನು ಮಾಡುವ ಪದ್ಧತಿಯನ್ನು ಬಲ್ಲವರು ಬಲ್ಲರು. ಅಂದಮೇಲೆ ಗುರುವು ಶಿಷ್ಯನನ್ನು ಮೊದಲು ಕಾಣುವುದು ಮಠದ ಗದ್ದುಗೆಯ ಮುಂದಲ್ಲ, ತಾಯಿಯ ಬಸುರಿನಲ್ಲಿ. ಹೀಗಿರಲು ಆಪತ್ಕಾಲದಲ್ಲಿ ಹೆರಿಗೆಗೆ ಮಠದ ಒಂದು ಕೋಣೆಯನ್ನು ಬಿಟ್ಟುಕೊಡಲು ಸಂಕೋಚಪಡುವುದು ಯಾವ ಶಾಸ್ತ್ರಕ್ಕೆ ಒಪ್ಪುವುದು? ಬಾಯಲ್ಲಿ ಸೂತಕವಿಲ್ಲವೆಂದು, ನಡೆಯಲ್ಲಿ ಬಾಣಂತಿಯನ್ನು ದೂರವಿರಿಸಿದರೆ ನುಡಿಗೂ ನಡೆಗೂ ಹೊಂದಿಕೆ ಎಲ್ಲಿಯದು?

ಈ ಕಾಲದಲ್ಲಿ ಶಾಂತಿಯ ದಿನಗಳ ಸ್ಥಿತಿಯು ಬಹಳ ಸುಧಾರಿಸಿರುವುದು. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಮರಣ ಹೊಂದುತ್ತಿದ್ದರು. 2018–20ರ ಹೊತ್ತಿಗೆ ಈ ಸಂಖ್ಯೆಯು 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ, ಅಂಗನವಾಡಿಯ ಆಹಾರ, 108ರ ಆಂಬುಲೆನ್ಸು, ಇವೆಲ್ಲವೂ ಒಂದಕ್ಕೊಂದು ಹೆಣೆದ ಹಗ್ಗದಂತಿವೆ. ಸೇತುವೆ ಮುಳುಗಿದ ರಾತ್ರಿ ಈ ಹಗ್ಗವು ಹರಿಯುವುದು. ಹೆರಿಗೆಯ ನೋವು ನೆರೆ ಇಳಿಯುವವರೆಗೆ ಕಾಯದು. ಹೆರಿಗೆಯ ತರುವಾಯ ರಕ್ತಸ್ರಾವವು ಮಿತಿಮೀರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣವು ಹೋಗಬಹುದು.

ಆದಕಾರಣ ದಾಸೋಹವು ಆಪತ್ತು ಬಂದಮೇಲೆ ಹಂಡೆಯನ್ನು ಒಲೆಗೇರಿಸುವುದರಿಂದ ಆರಂಭವಾಗಲಾಗದು. ಮುಂಗಾರಿಗೆ ಮುಂಚೆಯೇ ಸುತ್ತಣ ಹಳ್ಳಿಗಳಲ್ಲಿ ತಿಂಗಳು ತುಂಬಿದವರು ಯಾರೆಂಬುದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದು, ದಾರಿ ಕಡಿಯುವ ಮೊದಲೇ ಅವರನ್ನು ಆಸ್ಪತ್ರೆಯ ಸಮೀಪಕ್ಕೆ ಕರೆತರಬೇಕು. ಪ್ರಸಾದನಿಲಯದಲ್ಲಿ ತಾಯಿಮಕ್ಕಳಿಗೆ ಬಾಗಿಲುಳ್ಳ ಪ್ರತ್ಯೇಕ ಕೋಣೆ, ಶುದ್ಧವಾದ ಬಟ್ಟೆ, ಕಾಯಿಸಿ ಆರಿಸಿದ ನೀರು ಸಿದ್ಧವಿರಬೇಕು. ಆ ಕೋಣೆಯ ಆಡಳಿತವು ಸ್ತ್ರೀಯರ ಕೈಯಲ್ಲಿರಬೇಕು. ಧರ್ಮಾತ್ಮರು ಹಾಲಿನ ಪುಡಿಯ ಡಬ್ಬಿಗಳನ್ನು ಕಳುಹಿಸುವುದುಂಟು. ಕಲುಷಿತ ನೀರಿನಲ್ಲಿ ಕಲಸಿದ ಆ ಹಾಲು ಹಸುಳೆಗೆ ವಿಷಪ್ರಾಯ. ತಾಯಿಗೆ ಹೊಟ್ಟೆತುಂಬ ಬೇಳೆ, ಸೊಪ್ಪು, ಮುದ್ದೆಗಳನ್ನಿತ್ತು ಎದೆಹಾಲನ್ನು ಕಾಪಾಡುವುದೇ ಕೂಸಿಗೆ ಮಾಡುವ ನಿಜವಾದ ದಾಸೋಹವು. ಆ ಬಾಗಿಲಿನಲ್ಲಿ ಕುಲವನ್ನು ಕೇಳಬಾರದು, ಮತವನ್ನು ಕೇಳಬಾರದು. ಕೊಟ್ಟುದಕ್ಕೆ ಪ್ರತಿಯಾಗಿ ಒಂದು ನಮಸ್ಕಾರವನ್ನೂ ಬಯಸಬಾರದು. ಕೊಡುವವನು ತಾನೇ ದಾಸನೆಂದು ತಿಳಿದಾಗಲೇ ಅದು ದಾಸೋಹ. ಇಲ್ಲವಾದರೆ ಅದು ಬರಿಯ ದಾನ.

ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಇತ್ತು ದಾಸೋಹದ ಅರ್ಥವನ್ನು ವಿಸ್ತರಿಸಿದರು. ಶಾಲೆಗೆ ಬರುವ ಮಗುವಿಗೆ ಅನ್ನವನ್ನಿಡುವ ಕೈ ಹುಟ್ಟಲಿರುವ ಮಗುವಿನ ತಾಯಿಯತ್ತಲೂ ಚಾಚಲಿ. ಈ ಉತ್ಸವದ ಜ್ಞಾಪಕಾರ್ಥವಾಗಿ ಮಠವು ಒಂದು ಬಾಣಂತಿಯ ಕೋಣೆಯನ್ನು ಕಟ್ಟಿಸಿದರೆ, ಗೋಪುರಕ್ಕೆ ಏರಿಸುವ ಕಳಶಕ್ಕಿಂತ ಅದು ಕಡಿಮೆಯಾಗದು.