ಅಚ್ಚಿಗೆ ಮುಂಚಿನ ಓದುಗ

(ರಾಯಪುರಂನಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಕನ್ನಡದ ಹಿರಿಮೆಯನ್ನು ಹೊಗಳುವುದು ಸುಲಭವಾದ ಕೆಲಸ, ಕೇಳುವುದಕ್ಕೂ ಇಂಪು. ಪಂಪನಿಂದ ಹಿಡಿದು ಕುವೆಂಪು ಅವರ ತನಕ ಹೆಸರುಗಳನ್ನು ಹೇಳುತ್ತ ಹೋದರೆ ಚಪ್ಪಾಳೆ ತಾನಾಗಿ ಬರುತ್ತದೆ. ಆದರೆ ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ಬೇರೆ. ನಾಡಿನ ಬೇರೆಬೇರೆ ಮೂಲೆಗಳಿಂದ ಬರೆಯುತ್ತಿರುವ ಲೇಖಕರ ಹೊಸ ಪುಸ್ತಕಗಳು, ಅವನ್ನು ಹೊರತರುವ ಸಣ್ಣ ಪ್ರಕಾಶಕರು, ಇವರ ಬಗೆಗೆ ನಾಲ್ಕು ಮಾತು ಆಡಿ ಎಂದರು. ನಾವು ಸಾಹಿತಿಗಳಲ್ಲ, ವಿಮರ್ಶಕರೂ ಅಲ್ಲ. ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವವರು. ಆದುದರಿಂದ ಪುಸ್ತಕದ ರಸವನ್ನು ಬಲ್ಲವರಿಗೆ ಬಿಟ್ಟು, ಅದರ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇವೆ. ಲೆಕ್ಕ ನೀರಸವೆಂದು ದಯವಿಟ್ಟು ಎದ್ದು ಹೋಗಬೇಡಿ. ಮುಂದಿನ ಕನ್ನಡ ಪುಸ್ತಕ ಅಚ್ಚಾಗುವುದೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿಯೇ ಅಡಗಿದೆ.

ಮೊದಲಿಗೆ ಒಂದು ಮಾತು. ನಾವು ಬಾಳುತ್ತಿರುವ ಈ ಪಟ್ಟಣ ಕನ್ನಡ ಪುಸ್ತಕಕ್ಕೆ ಪರಸ್ಥಳವಲ್ಲ. ವಿಲಿಯಂ ರೀವ್ ಎಂಬ ಪಾದ್ರಿಯವರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದು ಇದೇ ಮದರಾಸಿನಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದನ್ನಿತ್ತದ್ದು ಅಂದಿನ ಮದರಾಸು ಸರಕಾರ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಮದರಾಸಿಗೆ ಸೇರಿದ್ದ ಕಾಲ ಅದು. ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಉಳಿದ ಗಡಿಗಳೂ ಬದಲಾದವು. ನಮ್ಮಲ್ಲಿ ಕೆಲವರ ಹಿರಿಯರು ಇಲ್ಲಿಯೇ ಉಳಿದರು. ಕೆಲವರು ಅನಂತರ ಹೊಟ್ಟೆಪಾಡಿಗೆಂದು ಬಂದು ಸೇರಿದೆವು. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟದ್ದು ನಮ್ಮ ರಾಯಪುರಂ ನಿಲ್ದಾಣದಿಂದ. ಅಂದಿನ ಜನಕ್ಕೆ ವಾಲಾಜಾ ರಸ್ತೆಯವರೆಗೆ ಹೋದದ್ದೇ ದೊಡ್ಡ ಪ್ರಯಾಣ. ಇಂದು ಬೆಂಗಳೂರಿಗೆ ಹೋಗಿಬರುವುದು ಒಂದು ಹಗಲಿನ ಕೆಲಸ. ಹೀಗಿದ್ದರೂ ಕನ್ನಡದ ಹೊಸ ಪುಸ್ತಕವೊಂದು ನಮ್ಮ ಮನೆಗೆ ಬರುವುದು ಅಪರೂಪ. ಊರಿಗೆ ಹೋದಾಗ ಕಾಫಿಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ತಪ್ಪದೆ ತರುತ್ತೇವೆ. ಪುಸ್ತಕಕ್ಕೆ ಮಾತ್ರ ಚೀಲದಲ್ಲಿ ಜಾಗವಿರುವುದಿಲ್ಲ.

ಪುಸ್ತಕಗಳೇ ಇಲ್ಲವೆಂದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು ನೋಡಿ. ಜಿ. ಬಿ. ಜೋಶಿಯವರು ಅದನ್ನು 1933ರಲ್ಲಿ ಆರಂಭಿಸಿದರು. ಸುಭಾಸ ರಸ್ತೆಯ ಒಂದು ಅಟ್ಟವೇ ಅದರ ಕಚೇರಿ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಆ ಅಟ್ಟದಲ್ಲಿ ಕುಳಿತು ಹಸ್ತಪ್ರತಿಗಳನ್ನು ಓದಿದರು. ಆಗತಾನೆ ಇಪ್ಪತ್ತು ದಾಟಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದ. ಹೆಸರಿಲ್ಲದ ಹುಡುಗನ ನಾಟಕಕ್ಕೆ ಕಾಗದ, ಶಾಯಿ, ಕೂಲಿಗಳ ಖರ್ಚು ಹಾಕಿದ ಆ ಧೈರ್ಯ ಸಣ್ಣದಲ್ಲ.

ಸಾಗರದ ಹತ್ತಿರ ಹೆಗ್ಗೋಡು ಎಂಬ ಹಳ್ಳಿ. ಅಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ನಾಟಕಸಂಘದ ಜೊತೆಜೊತೆಗೇ ಅಕ್ಷರ ಪ್ರಕಾಶನವನ್ನು ಕಟ್ಟಿದರು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಅಲ್ಲಿಂದ ಪ್ರಕಟವಾಯಿತು. ಮುಂದೆ ಶ್ರೀನಾಥ್ ಪೇರೂರರ ಅನುವಾದದಲ್ಲಿ ಅದನ್ನು ಹೊರದೇಶದವರೂ ಓದಿದರು. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಿಂದ ಪುಸ್ತಕವೊಂದು ಲೋಕಕ್ಕೆ ಹೊರಟ ಬಗೆ ಇದು.

ಇತ್ತೀಚಿನ ಉದಾಹರಣೆ ಬೇಕೆಂದರೆ ಬೆಂಗಳೂರಿನ ಛಂದ ಪುಸ್ತಕವಿದೆ. ಅದನ್ನು ನಡೆಸುವ ವಸುಧೇಂದ್ರರು ಸಂಡೂರಿನವರು; ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಹೊಸ ಕತೆಗಾರರಿಂದ ಹಸ್ತಪ್ರತಿಗಳನ್ನು ಕರೆದು, ಆಯ್ಕೆಯಾದುದಕ್ಕೆ ಬಹುಮಾನವಿತ್ತು, ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಪದ್ಧತಿಯನ್ನು ಅವರು ಬೆಳೆಸಿದರು. ಅವರದೇ ಕಾದಂಬರಿ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಿತು. ಲಿಸ್ಬನ್ನಿನ ನದಿಯನ್ನೂ ವಿಜಯನಗರದ ನದಿಯನ್ನೂ ಒಂದು ಕತೆಯಲ್ಲಿ ಕೂಡಿಸಿದ ಪುಸ್ತಕವದು.

ಇನ್ನೊಂದು ಉದಾಹರಣೆ ನಮ್ಮಂಥ ಸಂಘಗಳು ವಿಶೇಷವಾಗಿ ಗಮನಿಸತಕ್ಕದ್ದು. ಕಾರ್ಕಳ ತಾಲ್ಲೂಕಿನ ಕಾಂತಾವರದಲ್ಲಿ ಡಾ. ನಾ. ಮೊಗಸಾಲೆಯವರು 1976ರಲ್ಲಿ ಕನ್ನಡ ಸಂಘವನ್ನು ಆರಂಭಿಸಿದರು. ಮೊಗಸಾಲೆಯವರು ವೈದ್ಯರು, ಸಂಘ ಹಳ್ಳಿಯದು. ಆ ಸಂಘ ‘ನಾಡಿಗೆ ನಮಸ್ಕಾರ’ ಎಂಬ ಮಾಲೆಯಲ್ಲಿ ತಮ್ಮ ಸೀಮೆಯ ಸಾಧಕರನ್ನು ಕುರಿತ ಪುಟ್ಟ ಪುಸ್ತಕಗಳನ್ನು ಒಂದರ ಹಿಂದೊಂದರಂತೆ ಹೊರತಂದಿದೆ. ಅವುಗಳ ಸಂಖ್ಯೆ ಈಗ ನೂರಗಳನ್ನು ದಾಟಿದೆ. ದೊಡ್ಡ ಊರಿನ ದೊಡ್ಡ ಪ್ರಕಾಶಕರು ಇಂಥ ಪುಸ್ತಕಗಳನ್ನು ಹಾಕುವಂತಿಲ್ಲ, ಅವರಿಗೆ ಗಿಟ್ಟದು. ಆ ಊರಿನವರಿಗೆ ಮಾತ್ರ ಅವು ಬೇಕು, ಆ ಊರಿನವರೇ ಮಾಡಿಕೊಂಡರು.

ಸಣ್ಣ ಪ್ರಕಾಶಕನಿಂದ ನಮಗೆ ಸಿಗುವುದೇನು? ನಮ್ಮ ಊರಿನ ಮಾತು ಸಿಗುತ್ತದೆ. ವೈದೇಹಿಯವರ ಕತೆಗಳಲ್ಲಿ ಕುಂದಾಪುರದವರು ಕುಂದಾಪುರದವರಂತೆಯೇ ಮಾತನಾಡುತ್ತಾರೆ. ದೇವನೂರ ಮಹಾದೇವರಲ್ಲಿ ನಂಜನಗೂಡಿನ ಸೀಮೆ ಇದೆ. ಇಲ್ಲಿ ಕುಳಿತಿರುವ ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು. ನಮ್ಮ ಅಜ್ಜಿ ಆಡುತ್ತಿದ್ದ ಮಾತು ಶಾಲೆಯ ಪುಸ್ತಕದಲ್ಲಿ ಎಂದೂ ಇರಲಿಲ್ಲ; ಅದು ಕೇವಲ ಅಡಿಗೆಮನೆಯ ಮಾತು ಎಂದುಕೊಂಡಿದ್ದೆವು. ಅದೇ ಮಾತು ಪುಸ್ತಕದಲ್ಲಿ ಅಚ್ಚಾಗಿ ಬಂದುದನ್ನು ಕಂಡಾಗ ಅದಕ್ಕೂ ಒಂದು ಮರ್ಯಾದೆ ಉಂಟೆಂದು ತಿಳಿಯುತ್ತದೆ. ಮಕ್ಕಳಿಗೂ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದು ತಿಳಿವಳಿಕೆಗಾಗಿ ಹಾಕಿದ ಊಹೆಯ ಲೆಕ್ಕ; ಯಾವುದೇ ಪ್ರಕಾಶಕರ ಪುಸ್ತಕದಿಂದ ಎತ್ತಿದ್ದಲ್ಲ. ಹೊಸ ಲೇಖಕಿಯೊಬ್ಬರ ಕಥಾಸಂಕಲನ, 500 ಪ್ರತಿ, ಪ್ರತಿಯ ಬೆಲೆ 200 ರೂಪಾಯಿ. ಅಚ್ಚಿನ ಖರ್ಚು ಪ್ರತಿಗೆ 80 ರೂಪಾಯಿಯಂತೆ 40,000 ರೂಪಾಯಿ. ಅಂಗಡಿಯವರಿಗೆ ನೂರಕ್ಕೆ 40ರಂತೆ ಕಮಿಷನ್ ಬಿಟ್ಟರೆ ಪ್ರಕಾಶಕನ ಕೈಗೆ ಬರುವುದು ಪ್ರತಿಗೆ 120 ರೂಪಾಯಿ. ಲೇಖಕಿಯ ಗೌರವಧನ ಮಾರಾಟವಾದ ಪ್ರತಿಗೆ 20 ರೂಪಾಯಿ. ವರ್ಷದೊಳಗೆ 300 ಪ್ರತಿ ಹೋದವು ಎನ್ನೋಣ. ಹೊಸಬರ ಪುಸ್ತಕಕ್ಕೆ ಅದು ಕೆಟ್ಟ ಮಾರಾಟವೇನಲ್ಲ. ಬಂದ ಹಣ 36,000. ಹೋದದ್ದು ಅಚ್ಚಿಗೆ 40,000, ಗೌರವಧನಕ್ಕೆ 6,000, ಒಟ್ಟು 46,000. ನಷ್ಟ 10,000 ರೂಪಾಯಿ. ಕರಡು ತಿದ್ದಿದವರ ಕೂಲಿ, ಮುಖಪುಟದ ಚಿತ್ರ, ಅಂಚೆ, ಗೋದಾಮು ಇವಾವುವೂ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಉಳಿದ 200 ಪ್ರತಿಗಳು ಮಂಚದ ಕೆಳಗೆ.

ಅದೇ ಪುಸ್ತಕ, ಅದೇ 300 ಪ್ರತಿ. ಒಂದೇ ಒಂದು ವ್ಯತ್ಯಾಸ ಮಾಡೋಣ. ಅವುಗಳಲ್ಲಿ 200 ಪ್ರತಿಗಳನ್ನು ಓದುಗರು ನೇರವಾಗಿ ಪ್ರಕಾಶಕನಿಗೆ ಮುಂಗಡ ಕಟ್ಟಿ, ಪ್ರತಿಗೆ 180 ರೂಪಾಯಿಯಂತೆ ಕೊಂಡರು. ಉಳಿದ 100 ಅಂಗಡಿಯಲ್ಲಿ ಹೋದವು. ಈಗ ಬರುವುದು 36,000 ಮತ್ತು 12,000, ಒಟ್ಟು 48,000. ಖರ್ಚು ಅದೇ 46,000. ನಷ್ಟ ಹೋಗಿ 2,000 ರೂಪಾಯಿ ಉಳಿಯಿತು. ಓದುಗರಿಗೂ ಪ್ರತಿಯೊಂದಕ್ಕೆ 20 ರೂಪಾಯಿ ಮಿಕ್ಕಿತು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮುಂಗಡದ ಆ 36,000 ರೂಪಾಯಿ ಅಚ್ಚಿಗೆ ಮುಂಚೆಯೇ ಬಂದಿತು. ಪ್ರಕಾಶಕನು ಸಾಲಕ್ಕೆ ಹೋಗಲಿಲ್ಲ, ಹೆಂಡತಿಯ ಬಳೆ ಅಡವಿಡಲಿಲ್ಲ. ವ್ಯಾಪಾರ ಬಲ್ಲವರಿಗೆ ಇದರ ಬೆಲೆ ಗೊತ್ತು. ಎಷ್ಟು ಹಣ ಬಂದಿತೆಂಬುದರಷ್ಟೇ ಯಾವಾಗ ಬಂದಿತೆಂಬುದೂ ದೊಡ್ಡದು.

ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ನಡೆದದ್ದು ಇದೇ ದಾರಿಯಲ್ಲಿ. ಪುಸ್ತಕ ಯಾವುದೆಂದು ತಿಳಿಯುವ ಮೊದಲೇ ಹಣ ಕಟ್ಟುವ ಓದುಗರು ಅದರ ನಿಜವಾದ ಬಂಡವಾಳ. ಇದು ಹಳೆಯ ಕಾಲದ ಮಾತೆಂದು ಯಾರೂ ತಿಳಿಯಬಾರದು. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಎಂಬ ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ಎಲ್ಲರೂ ಬಲ್ಲೆವು. 50,000 ಪೌಂಡುಗಳನ್ನು ಲೇಖಕಿಯೂ ಅನುವಾದಕಿಯೂ ಸಮನಾಗಿ ಹಂಚಿಕೊಂಡರು. ಆ ದಿನ ನಾವೆಲ್ಲ ಸಿಹಿ ಹಂಚಿದೆವು. ಆದರೆ ಆ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದವರಾರು? ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ, ಶೆಫೀಲ್ಡ್ ನಗರದ ಒಂದು ಸಣ್ಣ ಪ್ರಕಾಶನ. ಅದೂ ಚಂದಾದಾರರನ್ನು ನಂಬಿದ ಸಂಸ್ಥೆ. ಮುಂಗಡ ಕಟ್ಟಿದ ಓದುಗರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುವ ಪದ್ಧತಿ ಅವರಲ್ಲಿದೆ. ಕನ್ನಡದ ಕತೆಯೊಂದು ಲೋಕದ ಕಣ್ಣಿಗೆ ಬಿದ್ದದ್ದರ ಹಿಂದೆ, ಕನ್ನಡದ ಒಂದಕ್ಷರವನ್ನೂ ಅರಿಯದ, ಆದರೆ ಮುಂಗಡ ಕಟ್ಟಲು ಹಿಂಜರಿಯದ ಓದುಗರ ಪಾಲೂ ಇದೆ. ಅವರು ಮಾಡಿದ್ದನ್ನು ನಾವು ಮಾಡಲಾರೆವೇ?

ಕೆಲವರು ಹೇಳಬಹುದು: “ಸರಕಾರವಿದೆಯಲ್ಲ, ಗ್ರಂಥಾಲಯಗಳಿಗೆ ಕೊಳ್ಳುತ್ತದೆಯಲ್ಲ” ಎಂದು. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಅನೇಕ ಪ್ರಕಾಶಕರನ್ನು ಉಳಿಸಿರುವುದು ನಿಜ. ಆದರೆ ಆಯ್ಕೆಗೆ ಕಾಲ ಹಿಡಿಯುತ್ತದೆ. ಹಣ ಕೈಸೇರಲು ಇನ್ನೂ ಕಾಲ ಹಿಡಿಯುತ್ತದೆ. ಓದುಗನಿಗಾಗಿ ಅಲ್ಲದೆ ಖರೀದಿಯ ಪಟ್ಟಿಗಾಗಿಯೇ ಅಚ್ಚಾಗುವ ಪುಸ್ತಕಗಳೂ ಇವೆ. ಇನ್ನು ಕೆಲವೆಡೆ ಲೇಖಕನಿಂದಲೇ ಹಣ ಪಡೆದು ಪುಸ್ತಕ ಹಾಕಿಕೊಡುತ್ತಾರೆ. ಅಲ್ಲಿ ಆಯ್ಕೆಯೆಂಬುದಿಲ್ಲ, ಕರಡು ತಿದ್ದುವವರಿಲ್ಲ. ದುಡ್ಡಿದ್ದವನ ಪುಸ್ತಕ ಬರುತ್ತದೆ. ದುಡ್ಡಿಲ್ಲದ ಶಾಲಾ ಮಾಸ್ತರನ ಒಳ್ಳೆಯ ಕತೆಗಳು ಟ್ರಂಕಿನಲ್ಲೇ ಉಳಿಯುತ್ತವೆ. ಸಣ್ಣ ಪ್ರಕಾಶಕನೆಂದ ಮಾತ್ರಕ್ಕೆ ಎಲ್ಲರೂ ಒಳ್ಳೆಯವರೆಂದು ನಾವು ಹೇಳುತ್ತಿಲ್ಲ. ಹಸ್ತಪ್ರತಿಯನ್ನು ಓದಿ, ಬೇಡದ್ದನ್ನು ಹಿಂದಿರುಗಿಸಿ, ಒಪ್ಪಿದ್ದಕ್ಕೆ ತನ್ನ ಹಣ ಹಾಕುವವನನ್ನು ಹುಡುಕಿ, ಅವನಿಗೆ ನಮ್ಮ ಚಂದಾ ಸಲ್ಲಬೇಕು.

ಇನ್ನು, ಇಷ್ಟು ದೂರ ಪುಸ್ತಕ ತರಿಸುವುದು ಹೇಗೆಂಬ ಪ್ರಶ್ನೆ. ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಂತೆ. ನಾವು ಗಂಟು ಹೊರಬೇಕಾಗಿಲ್ಲ. ಅಂಚೆ ಇಲಾಖೆಯು 2025ರ ಮೇ 1ರಿಂದ ಪುಸ್ತಕಗಳಿಗೆಂದೇ ‘ಜ್ಞಾನ ಪೋಸ್ಟ್’ ಎಂಬ ವ್ಯವಸ್ಥೆಯನ್ನು ತಂದಿತು. ಆರಂಭದಲ್ಲಿ ಗೊತ್ತುಮಾಡಿದ ದರ 300 ಗ್ರಾಮಿನವರೆಗೆ 20 ರೂಪಾಯಿ, ಐದು ಕಿಲೋ ಕಟ್ಟಿಗೆ 100 ರೂಪಾಯಿ, ತೆರಿಗೆ ಬೇರೆ. ಕಾಲು ಕಿಲೋ ತೂಕದ ಪುಸ್ತಕವನ್ನು ಒಬ್ಬೊಬ್ಬರೇ ತರಿಸಿದರೆ ಅಂಚೆಗೆ 20 ರೂಪಾಯಿ. ಇಪ್ಪತ್ತು ಮನೆಯವರು ಕೂಡಿ ಸಂಘದ ಹೆಸರಿಗೆ ಒಂದೇ ಕಟ್ಟಾಗಿ ತರಿಸಿದರೆ ತಲಾ 5 ರೂಪಾಯಿ. ಕೂಡಿ ಬಾಳಿದರೆ ಸ್ವರ್ಗ ಸುಖವೆಂದು ಹಿರಿಯರು ಹೇಳಿದ್ದು ಅಂಚೆಗೂ ಸಲ್ಲುತ್ತದೆ!

ಕೊನೆಗೆ, ನಮ್ಮ ಮನಸ್ಸನ್ನು ಹೆಚ್ಚು ಕಾಡುವ ಮಾತು. ನಮ್ಮ ಮನೆಗಳಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಮಕ್ಕಳಷ್ಟೇ ಅಲ್ಲ, ಇಲ್ಲಿಯ ಶಾಲೆಗಳಲ್ಲಿ ತಮಿಳು ಕಲಿತು ಬೆಳೆದ ದೊಡ್ಡವರೂ ಹಾಗೆಯೇ. ಅವರ ಮುಂದೆ ಪುಸ್ತಕವನ್ನಿಟ್ಟು ಏನು ಪ್ರಯೋಜನವೆಂದು ಕೇಳುತ್ತೀರಿ. ಪ್ರಯೋಜನವಿದೆ. ಓದಬಲ್ಲವರು ಗಟ್ಟಿಯಾಗಿ ಓದಲಿ, ಮಿಕ್ಕವರು ಕೇಳಲಿ. ಕುಮಾರವ್ಯಾಸ ಭಾರತವನ್ನೂ ಜೈಮಿನಿ ಭಾರತವನ್ನೂ ಅಕ್ಷರ ಬಾರದ ನಮ್ಮ ಅಜ್ಜ ಅಜ್ಜಿಯರು ತಿಳಿದದ್ದು ಹೀಗೆ ಅಲ್ಲವೇ? ವಾಚನ ಮಾಡುವವನೊಬ್ಬ, ಕೇಳುವವರು ಊರೆಲ್ಲ. ಕಿವಿಯಲ್ಲಿ ಕೇಳುವ ಕನ್ನಡ ಪುಸ್ತಕಗಳು ‘ಮೈಲ್ಯಾಂಗ್’ನಂಥ ಸಂಸ್ಥೆಗಳಿಂದ ಈಗ ಫೋನಿಗೂ ಬರುತ್ತಿವೆ. ಅವೂ ಒಳ್ಳೆಯವೇ. ಆದರೆ ಎದುರಿಗೆ ಕುಳಿತು ಓದಿದರೆ, ಅರ್ಥವಾಗದ ಮಾತನ್ನು ಅಲ್ಲಿಯೇ ಕೇಳಬಹುದು; ಪಕ್ಕದಲ್ಲಿ ಕುಳಿತ ಹುಡುಗಿ ಅಕ್ಷರಗಳ ಮೇಲೆ ಬೆರಳಿಟ್ಟು ಕಲಿಯಲೂಬಹುದು.

ಆದುದರಿಂದ ಸಭೆಯ ಮುಂದೆ ನಮ್ಮ ಸೂಚನೆ ಇಷ್ಟು. ನಾವು ಪ್ರತಿವರ್ಷ ಈ ಸ್ಮರಣ ಸಂಚಿಕೆಯನ್ನು ತರುವುದು ಜಾಹೀರಾತುದಾರರು ಮುಂಗಡವಾಗಿ ಕೊಟ್ಟ ಹಣದಿಂದ. ಮುಂಗಡದ ಮಹಿಮೆ ನಮಗೆ ಹೊಸದಲ್ಲ. ಸಂಚಿಕೆಯ ಲೆಕ್ಕ ಮುಗಿದು ಉಳಿಯುವ ಹಣದಲ್ಲಿ ಒಂದು ಪಾಲನ್ನು ಪುಸ್ತಕದ ಬಾಬ್ತಿಗೆ ಎತ್ತಿಡಬೇಕು. ಇಪ್ಪತ್ತು ಮನೆಗಳು ಹೆಸರು ಕೊಡಬೇಕು. ವರ್ಷಕ್ಕೆ ಒಬ್ಬ ಸಣ್ಣ ಪ್ರಕಾಶಕರನ್ನು ಆರಿಸಿ, ಅವರ ಹೊಸ ಲೇಖಕರ ಪುಸ್ತಕಗಳಿಗೆ ಅಚ್ಚಿಗೆ ಮುಂಚೆಯೇ ಹಣ ಕಟ್ಟಬೇಕು. ತಿಂಗಳಿಗೊಂದು ಸಂಜೆ ಒಂದು ಕತೆಯನ್ನು ಗಟ್ಟಿಯಾಗಿ ಓದಬೇಕು. ಅತಿಥಿಗಳಿಗೆ ಶಾಲು, ಹಾರಗಳ ಬದಲು ಒಂದು ಹೊಸ ಪುಸ್ತಕ ಕೊಟ್ಟರೆ ಅವರೂ ಬೇಸರಪಡಲಾರರು. ಶಾಲು ಪೆಟ್ಟಿಗೆ ಸೇರುತ್ತದೆ, ಹಾರ ಮರುದಿನ ಬಾಡುತ್ತದೆ.

ಇಪ್ಪತ್ತು ಪ್ರತಿ ಎಷ್ಟರ ಮಾತೆಂದು ನಗಬೇಡಿ. ನಾವು ಹೇಳಿದ ಲೆಕ್ಕದಲ್ಲಿ ಬೇಕಾದ ಮುಂಗಡದ ಪ್ರತಿಗಳು 200. ನಮ್ಮಂಥ ಹತ್ತು ಸಂಘಗಳು ಸೇರಿದರೆ ಒಬ್ಬ ಹೊಸ ಲೇಖಕಿಯ ಪುಸ್ತಕ ನಷ್ಟವಿಲ್ಲದೆ ಹೊರಬರುತ್ತದೆ. ಕರ್ನಾಟಕದ ಹೊರಗೆ ಕನ್ನಡ ಸಂಘಗಳು ಹತ್ತಲ್ಲ, ಎಷ್ಟೋ ಇವೆ. ಮೊದಲ ಇಪ್ಪತ್ತು ಹೆಸರುಗಳು ರಾಯಪುರಂನಿಂದ ಹೋಗಲಿ. ಪಟ್ಟಿಯ ಹಾಳೆಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಊಟಕ್ಕೆ ಏಳುವ ಮೊದಲು ಒಮ್ಮೆ ಆ ಕಡೆ ಬರಬೇಕೆಂದು ಪ್ರಾರ್ಥಿಸುತ್ತೇವೆ.